ಗಡಿ ಎಂಬ ಗೆರೆ: ರಾಜಕೀಯ ಭೂಗೋಳದ ಕಣ್ಣಿನಲ್ಲಿ ನಮ್ಮ ಗಡಿನಾಡು

(ಪುಣೆಯ ಕನ್ನಡಿಗರ ಸಭೆಯಲ್ಲಿ ರಾಜ್ಯೋತ್ಸವದ ನಿಮಿತ್ತ ನೀಡಿದ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯಿಂದ ಗಡಿಯ ಮಾತನ್ನು ಎತ್ತಿದೊಡನೆ ಸಭೆಯಲ್ಲಿ ಎರಡು ಬಗೆಯ ಭಾವನೆಗಳು ಮೂಡುವುದನ್ನು ನಾನು ಕಂಡಿದ್ದೇನೆ. ಕೆಲವರಿಗೆ ಇನ್ನು ಗುಡುಗು ಸಿಡಿಲುಗಳ ಭಾಷಣವೊಂದು ಕೇಳಲು ಸಿಕ್ಕೀತೆಂಬ ಉತ್ಸಾಹ. ಇನ್ನು ಕೆಲವರಿಗೆ, ಪುಣೆಯಲ್ಲಿ ಅನ್ನ ಉಣ್ಣುತ್ತಿರುವ ನಾವು ಈ ವಿಷಯವನ್ನು ಎತ್ತದಿರುವುದೇ ಲೇಸೆಂಬ ಸಂಕೋಚ. ಇಂದು ನಾನು ಈ ಎರಡೂ ದಾರಿಗಳನ್ನು ಬಿಟ್ಟು ಮೂರನೆಯ ದಾರಿಯೊಂದನ್ನು ಹಿಡಿಯಲು ಬಯಸುತ್ತೇನೆ. ರಾಜಕೀಯ ಭೂಗೋಳವೆಂಬ ಶಾಸ್ತ್ರವೊಂದುಂಟು. ರಾಜ್ಯಗಳ ಎಲ್ಲೆಗಳು ಹೇಗೆ ಹುಟ್ಟುತ್ತವೆ, ಹೇಗೆ ಬದಲಾಗುತ್ತವೆ, ಅಳಿಸಿಹೋದ ಮೇಲೂ ಹೇಗೆ ಉಳಿದುಕೊಳ್ಳುತ್ತವೆ ಎಂಬುದನ್ನು ಅದು ರಾಗದ್ವೇಷಗಳಿಲ್ಲದೆ ಪರಿಶೀಲಿಸುತ್ತದೆ. ಆ ಶಾಸ್ತ್ರದ ಕಣ್ಣನ್ನು ಎರವಲು ಪಡೆದು ನಮ್ಮ ಗಡಿನಾಡನ್ನು ನೋಡುವುದು ಈ ಉಪನ್ಯಾಸದ ಉದ್ದೇಶ.

ಈ ವಿಷಯದಲ್ಲಿ ನನಗಿರುವ ಆಸಕ್ತಿ ಕೇವಲ ಪುಸ್ತಕದ್ದಲ್ಲವೆಂಬುದನ್ನು ಮೊದಲೇ ನಿವೇದಿಸಿಬಿಡುತ್ತೇನೆ. ನಾನು ಹುಟ್ಟಿದ್ದು ಹಳೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ, ನಿಪ್ಪಾಣಿಯ ಪೇಟೆಗೆ ನಡೆದು ಹೋಗುವಷ್ಟು ಸಮೀಪದ ಹಳ್ಳಿಯಲ್ಲಿ. ನಮ್ಮ ಅಕ್ಕನನ್ನು ಕೊಟ್ಟದ್ದು ಜತ್ತ ತಾಲ್ಲೂಕಿಗೆ. ಆ ಕಾಲದಲ್ಲಿ ಹೆಣ್ಣು ಕೊಡುವಾಗ ಹೊಲ ನೋಡಿದರು, ಬಾವಿ ನೋಡಿದರು, ಮನೆತನ ನೋಡಿದರು; ರಾಜ್ಯ ಯಾವುದೆಂದು ಯಾರೂ ಕೇಳಲಿಲ್ಲ. ಭಾವ ತೀರಿಕೊಂಡ ವರ್ಷ ಅಕ್ಕ ಪುಣೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದವನ್ನು ನನ್ನ ಕೈಗಿಟ್ಟು, ‘ಇದರಾಗ ನನ್ನ ಹೆಸರು ಐತೇನು ನೋಡೋ ತಮ್ಮಾ’ ಎಂದಳು. ಅದು ಹೊಲದ ಸಾತ್‌ಬಾರಾ ಉತಾರ. ಬರಹವೆಲ್ಲ ಮರಾಠಿ. ಅಕ್ಕ ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಓದಿದವಳು; ಕನ್ನಡದಲ್ಲಿ ಸಹಿ ಮಾಡುತ್ತಿದ್ದಳು. ಜೀವಮಾನವೆಲ್ಲ ದುಡಿದ ಹೊಲದ ಕಾಗದದಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅವಳು ಪುಣೆಯವರೆಗೆ ಬರಬೇಕಾಯಿತು. ಗಡಿ ಎಂದರೆ ಏನೆಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಅಂದಿನಿಂದ.

ನಮ್ಮ ಭಾಷೆಯನ್ನೇ ಕೇಳಿ ನೋಡೋಣ. ಎಲ್ಲೆ, ಮೇರೆ, ಅಂಚು, ಗಡಿ, ಸೀಮೆ ಎಂದು ಎಷ್ಟು ಶಬ್ದಗಳಿವೆ! ಇವುಗಳಲ್ಲಿ ‘ಸೀಮೆ’ ಎಂಬುದು ವಿಶೇಷವಾದುದು. ಅದಕ್ಕೆ ಎಲ್ಲೆ ಎಂಬ ಅರ್ಥವೂ ಇದೆ, ಪ್ರದೇಶವೆಂಬ ಅರ್ಥವೂ ಇದೆ. ರಾಜಕೀಯ ಭೂಗೋಳದ ಮೊದಲ ಪಾಠವೂ ಇದೇ. ಎಲ್ಲೆ ಎಂಬುದು ಎರಡು ಬಗೆ: ಅಗಲವಿಲ್ಲದ ಗೆರೆ ಒಂದು, ಅಗಲವಿರುವ ವಲಯ ಇನ್ನೊಂದು. ಹಳೆಯ ರಾಜ್ಯಗಳ ನಡುವೆ ಇದ್ದುದು ಹೆಚ್ಚಾಗಿ ವಲಯ. ಕಾಡು, ಬೆಟ್ಟ, ಪಾಳೆಯಗಾರರ ಸೀಮೆ, ಇಬ್ಬರಿಗೂ ಕಪ್ಪ ಕೊಡುವ ಊರುಗಳು. ಭೂಪಟದ ಮೇಲೆ ಸೂಜಿಯ ಮೊನೆಯಷ್ಟು ಸಣ್ಣ ಗೆರೆಯನ್ನು ಎಳೆಯುವ ಪರಿಪಾಠ ಆಧುನಿಕ ಸರ್ಕಾರಗಳದು.

ನಮ್ಮ ‘ಕವಿರಾಜಮಾರ್ಗ’ವನ್ನು ನೆನೆಯಿರಿ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆ. ಇದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಉದ್ಧರಿಸುತ್ತೇವೆ. ಆದರೆ ಅದೇ ಗ್ರಂಥ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳೆಂದು ಬೇರೆಯಾಗಿ ಹೇಳುತ್ತದೆಂಬುದನ್ನು ಗಮನಿಸುವುದಿಲ್ಲ. ಅಂದರೆ ಆ ಕವಿಗೆ ಭಾಷೆಯ ನಾಡೆಂದರೆ ಗಟ್ಟಿಯಾದ ತಿರುಳು ಮತ್ತು ಸುತ್ತಲೂ ತೆಳುವಾಗುತ್ತ ಹೋಗುವ ಹರಹು. ಬೇಲಿಯ ಕಲ್ಪನೆ ಅಲ್ಲಿಲ್ಲ. ಇಂದಿನ ಭೂಗೋಳಜ್ಞರು ಕೇಂದ್ರ ಮತ್ತು ಅಂಚು ಎಂದು ವಿವರಿಸುವ ವಿಚಾರವನ್ನು ನಮ್ಮವರು ಸಾವಿರದ ನೂರು ವರ್ಷಗಳ ಹಿಂದೆಯೇ ಕಂಡಿದ್ದರು.

ಹಾಗೆಂದು ಹಿಂದಿನವರಿಗೆ ಗೆರೆಯ ಅರಿವೇ ಇರಲಿಲ್ಲವೆಂದಲ್ಲ. ನಮ್ಮ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೆ ಮರ, ಹಳ್ಳ, ಹುತ್ತ, ನೆಟ್ಟ ಕಲ್ಲುಗಳ ಗುರುತಿನಿಂದ ಹೇಳಿರುತ್ತಾರೆ. ಹೊಲಕ್ಕೆ ಗೆರೆ ಬೇಕಿತ್ತು; ಭಾಷೆಗೆ ಬೇಕಿರಲಿಲ್ಲ. ವಿಜಯದಶಮಿಯ ದಿನ ನಾವು ಊರ ಎಲ್ಲೆಯನ್ನು ದಾಟಿ ಹೋಗಿ ಬನ್ನಿ ತಂದು ಹಂಚುತ್ತೇವೆ. ಇಲ್ಲಿಯವರು ಆಪಟೆಯ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಆ ಆಚರಣೆಗೆ ಎರಡೂ ಕಡೆ ಸೀಮೋಲ್ಲಂಘನವೆಂದೇ ಹೆಸರು. ಎಲ್ಲೆಯನ್ನು ದಾಟುವುದನ್ನೇ ಹಬ್ಬವಾಗಿ ಮಾಡಿಕೊಂಡ ಜನ ನಾವು ಎಂಬುದು ಸಣ್ಣ ಸಂಗತಿಯಲ್ಲ.

ಇನ್ನು ಶಾಸ್ತ್ರಕ್ಕೆ ಬರೋಣ. 1897ರಲ್ಲಿ ಜರ್ಮನಿಯ ಫ್ರೀಡ್ರಿಖ್ ರಾಟ್ಸೆಲ್ ರಾಜಕೀಯ ಭೂಗೋಳದ ಮೇಲೆ ದೊಡ್ಡ ಗ್ರಂಥವನ್ನು ಬರೆದರು. ರಾಜ್ಯವೊಂದು ಜೀವಿಯಂತೆ, ಅದು ಬೆಳೆಯುತ್ತದೆ, ಗಡಿ ಅದರ ಚರ್ಮವಿದ್ದಂತೆ ಎಂಬುದು ಅವರ ವಿಚಾರದ ಜಾಡು. ಈ ಉಪಮಾನ ಮುಂದೆ ಯೂರೋಪಿನಲ್ಲಿ ಎಂಥ ಅನಾಹುತಗಳಿಗೆ ನೆಪವಾಯಿತೆಂಬುದು ಇತಿಹಾಸ. ರಾಜ್ಯ ಜೀವಿಯೆಂದ ಕೂಡಲೇ ನೆರೆಯವನ ಭೂಮಿ ಅದರ ಆಹಾರವಾಗಿಬಿಡುತ್ತದೆ. 1907ರಲ್ಲಿ ಲಾರ್ಡ್ ಕರ್ಜನ್ ಆಕ್ಸ್‌ಫರ್ಡಿನಲ್ಲಿ ಗಡಿಗಳನ್ನೇ ವಿಷಯವಾಗಿಸಿಕೊಂಡು ಉಪನ್ಯಾಸ ನೀಡಿದರು. ಎರಡೇ ವರ್ಷಗಳ ಹಿಂದೆ ಬಂಗಾಳವನ್ನು ಇಬ್ಭಾಗ ಮಾಡಿದ್ದವರು ಅವರೇ. ಈ ಪರಂಪರೆಯನ್ನು ಬಿಟ್ಟು ಗಡಿಗಳನ್ನು ತಣ್ಣಗೆ ವರ್ಗೀಕರಿಸುವ ಕೆಲಸವನ್ನು ಮಾಡಿದವರು ರಿಚರ್ಡ್ ಹಾರ್ಟ್‌ಶೋರ್ನ್, ಸ್ಟೀಫನ್ ಜೋನ್ಸ್ ಮೊದಲಾದ ಅಮೆರಿಕದ ವಿದ್ವಾಂಸರು.

ಹಾರ್ಟ್‌ಶೋರ್ನ್ 1936ರಲ್ಲಿ ಕೇಳಿದ ಪ್ರಶ್ನೆ ಸರಳವಾದುದು: ಗೆರೆ ಮೊದಲೋ, ಜನವಸತಿ ಮೊದಲೋ? ಜನ ನೆಲೆಸುವ ಮುನ್ನವೇ ಎಳೆದ ಗೆರೆ ಪೂರ್ವವರ್ತಿ. ಜನಜೀವನದ ಭೇದಗಳನ್ನು ಅನುಸರಿಸಿ ಬಂದ ಗೆರೆ ಅನುವರ್ತಿ. ನೆಲೆಸಿದ ಜನರ ಮೇಲೆ ಹೊರಗಿನ ಶಕ್ತಿಯೊಂದು ತಂದು ಹೇರಿದ ಗೆರೆ ಆರೋಪಿತ. ಆಡಳಿತದ ದೃಷ್ಟಿಯಿಂದ ಅಳಿದುಹೋಗಿಯೂ ನೆಲದ ಮೇಲೆ ತನ್ನ ಗುರುತನ್ನು ಉಳಿಸಿಕೊಂಡ ಗೆರೆ ಅವಶೇಷ.

ನಮಗೆ ಇವೆಲ್ಲವುಗಳ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಆರೋಪಿತ ಗಡಿಗೆ ಸಿರಿಲ್ ರ‍್ಯಾಡ್‌ಕ್ಲಿಫ್ ಎಳೆದ ಗೆರೆಗಿಂತ ದಾರುಣವಾದ ಉದಾಹರಣೆ ಇನ್ನೊಂದಿರಲಾರದು. ಹಿಂದೆಂದೂ ಈ ದೇಶವನ್ನು ಕಾಣದಿದ್ದ ಆ ನ್ಯಾಯವಾದಿ 1947ರ ಜುಲೈನಲ್ಲಿ ಬಂದರು. ಐದು ವಾರಗಳಲ್ಲಿ ಪಂಜಾಬ ಬಂಗಾಳಗಳನ್ನು ಸೀಳಿದರು. ಅವರ ತೀರ್ಪು ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದು ಎರಡು ದಿನಗಳಾದ ಮೇಲೆ.

ಅವಶೇಷ ಗಡಿಗೆ ಉದಾಹರಣೆ ನಮ್ಮ ಮನೆಯೊಳಗೇ ಇದೆ. ಮುಂಬಯಿ ಪ್ರಾಂತಕ್ಕೂ ನಿಜಾಮನ ಹೈದರಾಬಾದಿಗೂ ನಡುವೆ ಇದ್ದ ಗೆರೆ 1956ರ ನವೆಂಬರ್ 1ರಂದು ಕನ್ನಡನಾಡಿನ ಮಟ್ಟಿಗೆ ಅಳಿಸಿಹೋಯಿತು. ಆದರೆ ಅಳಿಯಿತೇ? ಶಾಲೆ, ರಸ್ತೆ, ಆಸ್ಪತ್ರೆಗಳ ಲೆಕ್ಕ ಹಾಕಿದಾಗಲೆಲ್ಲ ಅದು ಮತ್ತೆ ಎದ್ದು ಕಂಡಿತು. ಪ್ರಾದೇಶಿಕ ಅಸಮತೋಲನವನ್ನು ಅಭ್ಯಸಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀಡಿದ ವರದಿಯಲ್ಲಿ ಅದು ಕಂಡಿತು. ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿ ಆ ಭಾಗಕ್ಕೆ ವಿಶೇಷ ಸ್ಥಾನ ನೀಡಬೇಕಾಗಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಹೆಸರು ಬದಲಾದರೂ ಅದು ಸುತ್ತುವರಿಯುವ ನೆಲ ಬಹುಮಟ್ಟಿಗೆ ಆ ಹಳೆಯ ಗೆರೆಯೊಳಗಿನ ನೆಲವೇ.

ಬೆಳಗಾವಿ, ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಗಡಿ ಯಾವ ಜಾತಿಯದು? 1818ರಲ್ಲಿ ಪೇಶ್ವೆಗಳ ಆಳಿಕೆ ಮುಗಿದು ಧಾರವಾಡ ಬೆಳಗಾವಿ ಸೀಮೆಗಳು ಕಂಪನಿಯ ಕೈಸೇರಿದವು. ಅವುಗಳಿಗೆ ದಕ್ಷಿಣ ಮರಾಠಾ ಸೀಮೆಯೆಂದು ಹೆಸರಿಟ್ಟರು. ಕನ್ನಡದ ಹೊಟ್ಟೆಯೊಳಗೆ ಜಮಖಂಡಿ, ಮುಧೋಳ, ರಾಮದುರ್ಗಗಳಂಥ ಸಂಸ್ಥಾನಗಳು. ಮೇಲೆ ಜತ್ತ, ಅಕ್ಕಲಕೋಟೆ. ಮದರಾಸಿನಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದರು, ದಕ್ಷಿಣ ಕನ್ನಡವನ್ನು ಮದರಾಸಿನಲ್ಲೇ ಉಳಿಸಿದರು. ಯುದ್ಧ, ಒಪ್ಪಂದ, ಬಂದರು, ಕಂದಾಯಗಳ ಅನುಕೂಲಕ್ಕೆ ತಕ್ಕಂತೆ ಬಿದ್ದ ಗೆರೆಗಳಿವು.

ಇಲ್ಲಿ ಪುಣೆಯವರಾದ ನಾವು ತಿಳಿದಿರಬೇಕಾದ ಒಂದು ಸಂಗತಿಯಿದೆ. ಮುಂಬಯಿ ಪ್ರಾಂತದ ಪ್ರಸಿದ್ಧ ಭೂಮಾಪನ ಪದ್ಧತಿ ರೂಪುಗೊಂಡದ್ದು ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ, 1830ರ ದಶಕದಲ್ಲಿ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳಿಂದ. ಹೊಲ ಹೊಲಕ್ಕೆ ಸರ್ವೆ ನಂಬರು, ಮೂಲೆ ಮೂಲೆಗೆ ಗಡಿಕಲ್ಲು, ಊರೂರಿಗೆ ನಕಾಶೆ. ಇಂದಾಪುರದಿಂದ ಹೊರಟ ಆ ಸರಪಳಿ ಧಾರವಾಡ ಬೆಳಗಾವಿಗಳವರೆಗೂ ಬಂತು. ಮುಂದೆ ಗಡಿ ವಿವಾದದಲ್ಲಿ ‘ಗ್ರಾಮವೇ ಘಟಕ’ ಎಂಬ ವಾದ ಹುಟ್ಟಲು ಸಾಧ್ಯವಾದದ್ದು, ಗ್ರಾಮಕ್ಕೆ ಅಂಥ ಖಚಿತವಾದ ಎಲ್ಲೆಯೊಂದು ಕಾಗದದ ಮೇಲೆ ಇದ್ದುದರಿಂದಲೇ.

ಏಕೀಕರಣದ ಕಥೆ ನಿಮಗೆಲ್ಲ ಗೊತ್ತು, ವಿಸ್ತರಿಸುವುದಿಲ್ಲ. ಒಂದೇ ಮಾತು. ‘ಕರ್ನಾಟಕ ಗತವೈಭವ’ವನ್ನು ಬರೆದ ಆಲೂರು ವೆಂಕಟರಾಯರು ಓದಿದ್ದು ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು ಓದಿದ್ದೂ ಅಲ್ಲಿಯೇ. ಬಳಿಕ ವರ್ಷಗಟ್ಟಲೆ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದರು. ಇತ್ತ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಗೆ ಬಲ ತುಂಬಿದ 1946ರ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಬೆಳಗಾವಿಯಲ್ಲಿ. ಕರ್ನಾಟಕ ಏಕೀಕರಣದ ಸಮ್ಮೇಳನ 1924ರಲ್ಲಿ ನಡೆದದ್ದೂ ಬೆಳಗಾವಿಯಲ್ಲೇ. ಎರಡು ನಾಡುಗಳ ಎಚ್ಚರವೂ ಒಂದೇ ಊರುಗಳಲ್ಲಿ, ಕೆಲವೊಮ್ಮೆ ಒಂದೇ ಗುರುಗಳ ಕೈಕೆಳಗೆ ಬೆಳೆಯಿತು.

ಈಗ ಶಾಸ್ತ್ರದ ಇನ್ನೊಂದು ಸೂತ್ರ. ಗಡಿಯೊಂದು ಹುಟ್ಟುವುದು ಒಮ್ಮೆಗೇ ಅಲ್ಲ; ನಾಲ್ಕು ಹಂತಗಳಲ್ಲಿ. ಮೊದಲನೆಯದು ಹಂಚಿಕೆ, ಅಂದರೆ ಯಾವ ಸೀಮೆ ಯಾರಿಗೆಂಬ ಸ್ಥೂಲ ನಿರ್ಣಯ. ಎರಡನೆಯದು ಕಾಗದದ ಮೇಲೆ ಗೆರೆಯ ನಿಷ್ಕರ್ಷೆ. ಮೂರನೆಯದು ನೆಲದ ಮೇಲೆ ಕಲ್ಲು ನೆಡುವುದು. ನಾಲ್ಕನೆಯದು, ಎಂದೆಂದಿಗೂ ಮುಗಿಯದ ಗಡಿಯ ಆಡಳಿತ. ನಮ್ಮ ಜಗಳವೆಲ್ಲ ನಡೆದಿರುವುದು ಎರಡನೆಯ ಹಂತದಲ್ಲಿ. ನಮ್ಮ ಜನರ ಸಂಕಟವೆಲ್ಲ ಇರುವುದು ನಾಲ್ಕನೆಯ ಹಂತದಲ್ಲಿ. ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಡಬೇಕು.

ಎರಡನೆಯ ಹಂತದ ಜಗಳದ ತಿರುಳು ಏನು? ಘಟಕದ ಪ್ರಶ್ನೆ. ಒಂದು ಭಾಷೆಯವರು ಬಹುಸಂಖ್ಯಾತರೆಂದು ಹೇಳಬೇಕಾದರೆ ಎಷ್ಟು ನೆಲದಲ್ಲಿ ಎಣಿಸಬೇಕು? ಜಿಲ್ಲೆಯಲ್ಲೋ, ತಾಲ್ಲೂಕಿನಲ್ಲೋ, ಹಳ್ಳಿಯಲ್ಲೋ? ಎಣಿಸುವ ಬುಟ್ಟಿ ಬದಲಾದರೆ ಎಣಿಕೆ ಬದಲಾಗುತ್ತದೆ.

ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಸಲ್ಲಿಸಿತು. ಅದು ಹೆಚ್ಚಾಗಿ ಜಿಲ್ಲೆಯನ್ನೇ ಘಟಕವಾಗಿ ಹಿಡಿಯಿತು. ಆ ಪ್ರಕಾರ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂತು. ಆದರೆ ಅದೇ ಜಿಲ್ಲೆಯ ಚಂದಗಡ ತಾಲ್ಲೂಕನ್ನು ಬಿಡಿಸಿ ಮುಂಬಯಿಗೆ ಕೊಟ್ಟರು. ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲ್ಲೂಕನ್ನು ಬಿಡಿಸಿ ಕೇರಳಕ್ಕೆ ಸೇರಿಸಿದರು. ಬೀದರದಿಂದ ಉದಗೀರ, ನಿಲಂಗಾ, ಅಹಮದಪುರಗಳು ಹೋದವು. ಅಂದರೆ ಜಿಲ್ಲೆಯೇ ಘಟಕವೆಂಬುದು ಎಲ್ಲ ಕಡೆಯೂ ನಡೆಯಲಿಲ್ಲ. ಕಾಸರಗೋಡನ್ನು ಇಡೀ ತಾಲ್ಲೂಕಾಗಿ ಎಣಿಸಿದರೆ ಮಲಯಾಳಿಗಳ ಬಹುಮತ. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನೇ ಪ್ರತ್ಯೇಕವಾಗಿ ನೋಡಿದರೆ ಚಿತ್ರ ಬೇರೆ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, ಶತಾಯುಷಿಗಳಾಗಿ, ಕಣ್ಣು ಮುಚ್ಚುವವರೆಗೂ ಕಾಸರಗೋಡಿನ ನೋವನ್ನು ನೆನೆಸುತ್ತಲೇ ಇದ್ದರು.

ಇದೇ ತರ್ಕವನ್ನು ಬೆಳಗಾವಿಗೂ ಅನ್ವಯಿಸಿ ನೋಡಬೇಕು. ಜಿಲ್ಲೆಯಾಗಿ ಎಣಿಸಿದರೆ ಕನ್ನಡದ ಬಹುಮತ. ನಗರವನ್ನೇ ಬೇರೆಯಾಗಿ ಎಣಿಸಿದರೆ 1951ರ ಜನಗಣತಿಯಲ್ಲಿ ಮರಾಠಿಗರೇ ಹೆಚ್ಚು. ಇದನ್ನು ನಾವು ಹೇಳಲು ಹಿಂಜರಿಯುತ್ತೇವೆ. ಹಿಂಜರಿಯಬೇಕಾಗಿಲ್ಲ. ಪೇಟೆ, ಕಚೇರಿ, ರಸ್ತೆಗಳೆಲ್ಲ ಸುತ್ತಲಿನ ಸೀಮೆಗಾಗಿ ಇರುವಂಥವು. ನಗರವನ್ನು ಅದರ ಒಕ್ಕಲುತನದ ಹಿನ್ನೆಲೆಯಿಂದ ಕಿತ್ತು ಬೇರೆಡೆಗೆ ಕೊಂಡೊಯ್ಯಲಾಗದು ಎಂಬ ಬಲವಾದ ವಾದ ನಮ್ಮ ಕೈಯಲ್ಲಿದೆ. ಆದರೆ ನಿಜಸಂಖ್ಯೆಯನ್ನು ಮುಚ್ಚಿಟ್ಟು ವಾದ ಮಾಡುವವನ ಮಾತಿಗೆ ಬೆಲೆ ಬಾರದು.

ಗ್ರಾಮವೇ ಘಟಕವೆಂಬ ತತ್ತ್ವದ ಯಶಸ್ವಿ ಪ್ರಯೋಗವೂ ನಮ್ಮ ದೇಶದಲ್ಲಿ ನಡೆದಿದೆ. ಆಂಧ್ರ ಮದರಾಸುಗಳ ನಡುವಿನ ವಿವಾದದಲ್ಲಿ ಹರಿ ವಿನಾಯಕ ಪಾಟಸ್ಕರರು ಮಧ್ಯಸ್ಥಿಕೆ ವಹಿಸಿದರು. ಗ್ರಾಮ ಘಟಕ, ಭಾಷಾ ಬಹುಮತ, ಭೌಗೋಳಿಕ ಸಾತತ್ಯ ಇವು ಅವರ ಆಧಾರಗಳು. ಎರಡು ಸರ್ಕಾರಗಳೂ ಒಪ್ಪಿದವು. 1959ರಲ್ಲಿ ಕಾಯಿದೆಯಾಗಿ, 1960ರ ಏಪ್ರಿಲ್ 1ರಿಂದ ತಿರುತ್ತಣಿ ಮದರಾಸಿಗೆ ಸೇರಿತು, ಬೇರೆ ಕೆಲವು ಹಳ್ಳಿಗಳು ಆಂಧ್ರಕ್ಕೆ ಹೋದವು. ಈ ಪಾಟಸ್ಕರರೇ ಮುಂದೆ ಪುಣೆ ವಿಶ್ವವಿದ್ಯಾಲಯದ ಕುಲಪತಿಗಳಾದರು. ಮಹಾರಾಷ್ಟ್ರ ತನ್ನ ಬೇಡಿಕೆಗೆ ಮೊದಲಿನಿಂದಲೂ ಈ ತತ್ತ್ವಗಳನ್ನೇ ಆಧಾರವಾಗಿ ಹಿಡಿದಿದೆ. ಅಲ್ಲಿ ಯಶಸ್ವಿಯಾದದ್ದು ಇಲ್ಲಿ ಏಕೆ ಆಗಲಿಲ್ಲ? ಅಲ್ಲಿ ತತ್ತ್ವವನ್ನು ಮೊದಲು ಒಪ್ಪಿ ಬಳಿಕ ಹಳ್ಳಿಗಳನ್ನು ಎಣಿಸಿದರು. ಇಲ್ಲಿ ಇಬ್ಬರೂ ಹಳ್ಳಿಗಳನ್ನು ಮೊದಲು ಎಣಿಸಿಕೊಂಡು, ಬಳಿಕ ಅವಕ್ಕೆ ಹೊಂದುವ ತತ್ತ್ವವನ್ನು ಹುಡುಕಿದೆವು.

1966ರಲ್ಲಿ ಸೇನಾಪತಿ ಬಾಪಟರ ಉಪವಾಸದ ನಂತರ, ಆ ವರ್ಷದ ಅಕ್ಟೋಬರಿನಲ್ಲಿ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ್ ಮಹಾಜನರ ಆಯೋಗ ನೇಮಕವಾಯಿತು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿಗಳನ್ನು. 1967ರ ಆಗಸ್ಟಿನಲ್ಲಿ ಬಂದ ವರದಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳನ್ನು ಮೈಸೂರಿಗೆ ಕೊಡಬೇಕೆಂದಿತು. ನಿಪ್ಪಾಣಿ, ಖಾನಾಪುರ, ನಂದಗಡಗಳು ಅತ್ತ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಹಾಗೂ ಜತ್ತಗಳ ಭಾಗಗಳು ಇತ್ತ. ಬೆಳಗಾವಿ ನಗರ ಮೈಸೂರಿನಲ್ಲೇ. ಚಂದ್ರಗಿರಿಯ ಉತ್ತರದ ಕಾಸರಗೋಡು ಮೈಸೂರಿಗೆ. ಮಹಾರಾಷ್ಟ್ರ ಈ ವರದಿಯನ್ನು ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ. ಸಂಸತ್ತು ಕಾಯಿದೆ ಮಾಡಲಿಲ್ಲ. ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ರಾಜ್ಯಗಳ ಅಭಿಪ್ರಾಯ ಕೇಳಬೇಕು, ಆದರೆ ಒಪ್ಪಿಗೆ ಅನಿವಾರ್ಯವಲ್ಲ. ಕಾನೂನು ಕೊಟ್ಟ ಈ ಅಧಿಕಾರವನ್ನು ಇಲ್ಲಿ ಬಳಸುವ ಧೈರ್ಯವನ್ನು ರಾಜಕೀಯ ಕೊಡಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ದಾವೆ ಇನ್ನೂ ತೀರ್ಮಾನವಾಗಿಲ್ಲ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದಿತು. 2022ರ ಡಿಸೆಂಬರಿನಲ್ಲಿ ಎರಡೂ ವಿಧಾನಮಂಡಲಗಳು ಐದು ದಿನಗಳ ಅಂತರದಲ್ಲಿ ಒಂದಕ್ಕೊಂದು ಎದುರಾದ ನಿರ್ಣಯಗಳನ್ನು ಅಂಗೀಕರಿಸಿದವು. ಮಹಾರಾಷ್ಟ್ರದ ನಿರ್ಣಯದಲ್ಲಿ ಹಳ್ಳಿಗಳ ಸಂಖ್ಯೆ 865. ಅದೇ ತಿಂಗಳು ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ನಮ್ಮ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಆ ಬಸ್ಸುಗಳಲ್ಲಿ ಊರಿಗೆ ಹೊರಟು ನಿಂತಿದ್ದವರು ನಾವೇ.

ಗೆಳೆಯರೇ, ‘ಮಹಾಜನ ವರದಿಯೇ ಅಂತಿಮ’ ಎಂಬ ಘೋಷಣೆಯನ್ನು ನಾವು ಎಷ್ಟೋ ಸಲ ಕೂಗಿದ್ದೇವೆ. ಅದನ್ನು ಕೂಗುವಾಗ ನಮ್ಮಲ್ಲಿ ಎಷ್ಟು ಜನ ಅದರ ಬೆಲೆಯನ್ನು ಎಣಿಸಿದ್ದೇವೆ? ಆ ವರದಿ ಪೂರ್ತಿಯಾಗಿ ಜಾರಿಗೆ ಬಂದರೆ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗುತ್ತದೆ. ನಾನು ಬಾಲ್ಯದಲ್ಲಿ ಅಪ್ಪನ ಬೆನ್ನು ಹಿಡಿದು ತಂಬಾಕಿನ ಚಕ್ಕಡಿಯಲ್ಲಿ ಹೋದ ಪೇಟೆ ಅದು. ಅಕ್ಕನ ಜತ್ತ ಸೀಮೆಗೆ ನ್ಯಾಯ ಬೇಕೆನ್ನುವ ನಾನು ನನ್ನ ನಿಪ್ಪಾಣಿಯನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆಯೇ? ಅಕ್ಕಲಕೋಟೆಗೆ ಒಂದು ಅಳತೆಗೋಲು, ಖಾನಾಪುರಕ್ಕೆ ಇನ್ನೊಂದು ಎಂದರೆ ಅದು ನ್ಯಾಯವಲ್ಲ, ಆಸೆ. ಬಹಳ ರಾತ್ರಿಗಳು ಯೋಚಿಸಿದ ಮೇಲೆ ನನ್ನ ಉತ್ತರ ಇದು: ವರದಿಯನ್ನು ಒಪ್ಪುವುದಾದರೆ ಇಡಿಯಾಗಿ ಒಪ್ಪಬೇಕು, ನೋವಾಗುವ ಪುಟಗಳನ್ನೂ ಸೇರಿಸಿ. ಇಲ್ಲವಾದರೆ ಇರುವ ಗೆರೆಯನ್ನೇ ಒಪ್ಪಿ ಗೆರೆಯ ಎರಡೂ ಬದಿಯ ಜನರಿಗೆ ನ್ಯಾಯ ಕೇಳಬೇಕು. ನಡುವೆ ಮೂರನೆಯ ಪ್ರಾಮಾಣಿಕ ನಿಲುವು ನನಗೆ ಕಾಣುವುದಿಲ್ಲ.

ಭಾಷೆಯೊಂದರಿಂದಲೇ ಗಡಿನಾಡಿನ ಮನಸ್ಸನ್ನು ಅಳೆಯಲಾಗದೆಂಬುದಕ್ಕೂ ಇದೇ ಸೀಮೆ ಸಾಕ್ಷಿ. 1981ರಲ್ಲಿ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು. ಮುಂದಾಳಾಗಿದ್ದವರು ಪುಣೆಯ ಸಮೀಪದ ಆಂಬೇಠಾಣದ ಶರದ ಜೋಶಿಯವರು. ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಅಲ್ಲಿ ಕುಳಿತವರಲ್ಲಿ ಕನ್ನಡಿಗರೂ ಇದ್ದರು, ಮರಾಠಿಗರೂ ಇದ್ದರು. ತಂಬಾಕಿನ ದರಕ್ಕೆ ಮಾತೃಭಾಷೆಯಿರಲಿಲ್ಲ. ಇತ್ತ ಜತ್ತದ ಪೂರ್ವಭಾಗದ ಹಳ್ಳಿಗಳವರು ಕರ್ನಾಟಕಕ್ಕೆ ಸೇರುತ್ತೇವೆಂದು ನಿರ್ಣಯ ಮಾಡಿದ್ದು ಮುಖ್ಯವಾಗಿ ನೀರಿಗಾಗಿ. 2022ರಲ್ಲಿ ಆ ಮಾತು ಮತ್ತೆ ಎದ್ದಾಗ, ಮಹಾರಾಷ್ಟ್ರ ಸರ್ಕಾರ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ಮುಂದಾಯಿತು. ಅಕ್ಕನನ್ನು ಕೇಳಿದರೆ, ‘ಯಾವ ಸರಕಾರದ್ದರ ಇರ್ಲಿ, ಬಾವಿಗಿ ನೀರು ಬರ್ಲಿ’ ಎನ್ನುತ್ತಿದ್ದಳು. ಇದನ್ನು ಅಭಿಮಾನಶೂನ್ಯತೆ ಎನ್ನುವವರು ಬರಗಾಲದ ಬೇಸಗೆಯೊಂದನ್ನು ಜತ್ತದಲ್ಲಿ ಕಳೆದು ಬಂದು ಮಾತಾಡಬೇಕು.

ಹಾಗಾದರೆ ನಾಲ್ಕನೆಯ ಹಂತದ, ಗಡಿಯ ಆಡಳಿತದ ಮಾತು. ಡೆನ್ಮಾರ್ಕ್ ಜರ್ಮನಿಗಳ ನಡುವೆ ಶ್ಲೆಸ್ವಿಗ್ ಎಂಬ ಸೀಮೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕಾಗಿ ಯುದ್ಧಗಳೇ ನಡೆದವು. 1920ರಲ್ಲಿ ವಲಯಗಳಾಗಿ ವಿಂಗಡಿಸಿ ಜನಮತ ತೆಗೆದುಕೊಂಡರು. ಉತ್ತರ ವಲಯ ಡೆನ್ಮಾರ್ಕಿಗೆ ಹೋಯಿತು, ಮಧ್ಯ ವಲಯ ಜರ್ಮನಿಯಲ್ಲಿ ಉಳಿಯಿತು. ಎಷ್ಟೇ ಎಚ್ಚರದಿಂದ ಎಳೆದರೂ ಗೆರೆಯ ಎರಡೂ ಬದಿಯಲ್ಲಿ ಅಲ್ಪಸಂಖ್ಯಾತರು ಉಳಿದೇ ಉಳಿದರು. ಆ ಉರಿ ತಣಿದದ್ದು ಗೆರೆಯನ್ನು ಮತ್ತೆ ಸರಿಸಿದ್ದರಿಂದಲ್ಲ. 1955ರಲ್ಲಿ ಎರಡೂ ಸರ್ಕಾರಗಳು ತಮ್ಮ ತಮ್ಮ ನೆಲದ ಅಲ್ಪಸಂಖ್ಯಾತರಿಗೆ ಹಕ್ಕುಗಳ ಘೋಷಣೆ ಮಾಡಿದವು. ಇಂದು ಜರ್ಮನಿಯ ಫ್ಲೆನ್ಸ್‌ಬರ್ಗಿನಲ್ಲಿ ಡೇನಿಷ್ ಶಾಲೆಗಳು ನಡೆಯುತ್ತವೆ, ಡೆನ್ಮಾರ್ಕಿನ ಬದಿಯಲ್ಲಿ ಜರ್ಮನ್ ಶಾಲೆಗಳು ನಡೆಯುತ್ತವೆ. ಗೆರೆ 1920ರಲ್ಲಿ ಇದ್ದಲ್ಲೇ ಇದೆ.

ನಮ್ಮಲ್ಲಿ ಇಂಥ ಏರ್ಪಾಡಿಲ್ಲವೇ? ಕಾಗದದಲ್ಲಿ ಇದೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 350(ಎ) ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಬೇಕೆನ್ನುತ್ತದೆ. 350(ಬಿ) ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸಬೇಕೆಂಬ ಸೂತ್ರ 1949ರಿಂದಲೂ ಇದೆ. ಶೇಕಡಾ 15ರಷ್ಟು ಅಲ್ಪಸಂಖ್ಯಾತರಿದ್ದಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂಬ ಒಪ್ಪಂದವಿದೆ. ಇವಿಷ್ಟನ್ನು ಎರಡೂ ರಾಜ್ಯಗಳು ಮನಃಪೂರ್ವಕವಾಗಿ ನಡೆಸಿದ್ದರೆ ಗಡಿಯ ಜಗಳದ ಅರ್ಧಪಾಲು ಉರುವಲು ಮುಗಿದಿರುತ್ತಿತ್ತು.

ಅಕ್ಕನ ಕಾಗದದ ಕಥೆಗೆ ಒಂದು ಉತ್ತರಾರ್ಧವಿದೆ. ಅದನ್ನು ಹೇಳಿ ಮುಗಿಸುತ್ತೇನೆ. ಅದೇ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಹೊಲದ ಬಾಂದಿಗೆ ಹತ್ತಿದ ಹೊಲದ ಮರಾಠಿ ಮಾತಾಡುವ ಹಿರಿಯರೊಬ್ಬರು ನಮ್ಮ ಕಟ್ಟೆಗೆ ಬಂದರು. ಚಿಕ್ಕಂದಿನಿಂದ ನಾನು ಅವರನ್ನು ಕಾಕಾ ಎಂದೇ ಕರೆದವನು. ಕೈಯಲ್ಲಿ ಮಡಚಿದ ಪಹಣಿ. ‘ನಿಮ್ಮ ಕನ್ನಡ ನನಗ ಮಾತಾಡಾಕ ಬರತದ, ಓದಾಕ ಬರಂಗಿಲ್ಲ. ಹುಡುಗರ ಹೆಸರು ಹತ್ಯಾವೇನು ನೋಡಪಾ’ ಎಂದರು. ನಾನು ಓದಿ ಹೇಳಿದೆ. ಒಂದೇ ವರ್ಷದಲ್ಲಿ, ಒಂದೇ ಪ್ರಶ್ನೆಯನ್ನು, ಗೆರೆಯ ಎರಡು ಬದಿಗಳಿಂದ ಇಬ್ಬರು ನನ್ನನ್ನು ಕೇಳಿದ್ದರು. ಅಕ್ಕನ ಸಂಕಟವನ್ನು ಅನ್ಯಾಯವೆಂದು ಕರೆದ ನನ್ನ ನಾಲಗೆ ಕಾಕಾನ ಸಂಕಟವನ್ನು ಬೇರೆ ಹೆಸರಿನಿಂದ ಕರೆಯಲು ಅಂದಿನಿಂದ ಒಪ್ಪಿಲ್ಲ.

ಪುಣೆಯ ಕನ್ನಡಿಗರಾದ ನಮಗೆ ಈ ಮಾತನ್ನು ಆಡುವ ಅಧಿಕಾರವೂ ಇದೆ, ಹೊಣೆಯೂ ಇದೆ. ಬೆಂಗಳೂರಿನವರು ಗಡಿಯನ್ನು ಪತ್ರಿಕೆಯಲ್ಲಿ ಓದುತ್ತಾರೆ. ನಾವು ಅದನ್ನು ತಿಂಗಳಿಗೊಮ್ಮೆ ದಾಟುತ್ತೇವೆ. ಇಲ್ಲಿ ಅಲ್ಪಸಂಖ್ಯಾತರಾಗಿ ಬದುಕುವುದೆಂದರೇನೆಂದು ನಮಗೆ ಗೊತ್ತು. ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಈ ಊರಿನಲ್ಲಿ ಶಾಲೆ ನಡೆಸಲು ನಮ್ಮ ಹಿರಿಯರು ಪಟ್ಟ ಶ್ರಮವೂ, ಆಗ ನೆರವಾದ ಮರಾಠಿ ಸಜ್ಜನರ ಔದಾರ್ಯವೂ ಗೊತ್ತು. ಆದ್ದರಿಂದ ನನ್ನ ಸೂಚನೆ ಇಷ್ಟೇ: ಅಕ್ಕಲಕೋಟೆ ಜತ್ತಗಳ ಕನ್ನಡ ಶಾಲೆಗಳಿಗೆ ಶಿಕ್ಷಕರು ಬೇಕೆಂದು ನಮ್ಮ ಸಂಘ ಮುಂಬಯಿಗೆ ಮನವಿ ಬರೆಯಲಿ. ಖಾನಾಪುರ ನಿಪ್ಪಾಣಿಗಳ ಮರಾಠಿಗರಿಗೆ ಅವರ ಭಾಷೆಯಲ್ಲಿ ಪಹಣಿಯ ಪ್ರತಿ ಸಿಗಲೆಂದು ಅದೇ ದಿನ ಬೆಂಗಳೂರಿಗೂ ಬರೆಯಲಿ. ಎರಡೂ ಪತ್ರಗಳಿಗೆ ಒಂದೇ ಸಹಿ ಇರಲಿ. ಮೊದಲನೆಯದಕ್ಕೆ ಇಲ್ಲಿ ಕೆಲವರು ಮುನಿಯಬಹುದು, ಎರಡನೆಯದಕ್ಕೆ ಅಲ್ಲಿ ಕೆಲವರು ನಮ್ಮನ್ನು ನಾಡದ್ರೋಹಿಗಳೆನ್ನಬಹುದು. ಆ ಎರಡೂ ಮಾತುಗಳನ್ನು ಕೇಳಿಸಿಕೊಳ್ಳುವಷ್ಟು ಬೆನ್ನು ನಮಗಿರಲಿ.

ಗೆರೆ ಎಲ್ಲಿ ಬೀಳಬೇಕೆಂಬುದನ್ನು ನ್ಯಾಯಾಲಯ ಹೇಳಲಿ, ಸಂಸತ್ತು ಹೇಳಲಿ. ಅಕ್ಕನಿಗೂ ಕಾಕಾನಿಗೂ ಅವರವರ ಹೊಲದ ಕಾಗದ ಅವರವರ ಕಣ್ಣಿಗೆ ಓದಲು ಬರಬೇಕೆಂಬುದನ್ನು ಹೇಳಲು ನಾವು ಯಾರ ತೀರ್ಪಿಗೂ ಕಾಯಬೇಕಾಗಿಲ್ಲ.

 ಸಿರಿಗನ್ನಡಂ ಗೆಲ್ಗೆ.